ಕುದುರೆಯ ಬೆಲೆ ಕೇಳಿದ ಭಾಸ್ಕರಾಚಾರ್ಯರು



ನಿಮ್ಮ ಮನೆ ಚಿಕ್ಕೋಡಿಯಲ್ಲಿರಲಿ, ರಾಯಬಾಗದಲ್ಲಿರಲಿ, ಕಾಗವಾಡದಲ್ಲಿರಲಿ, ಹತ್ತನೆಯ ತರಗತಿ ಓದುತ್ತಿರುವ ಮಗನನ್ನೋ ಮಗಳನ್ನೋ ಕರೆದು ಯಾವ ವಿಷಯ ಕಷ್ಟ ಎಂದು ಕೇಳಿ ನೋಡಿ. ಗಣಿತ ಎಂಬ ಉತ್ತರ ಬರುವುದೇ ಹೆಚ್ಚು. ಅದರಲ್ಲಿಯೂ ಸರಳರೇಖೆಯ ಸಮೀಕರಣ ಎಂದರೆ ಕಬ್ಬಿಣದ ಕಡಲೆ. ಹೆಸರಿನಲ್ಲಿ ಸರಳ ಎಂದಿದ್ದರೂ ಪರೀಕ್ಷೆಯಲ್ಲಿ ಸರಳವಲ್ಲ! ಎಕ್ಸ್ ಎಂದರೇನು, ವೈ ಎಂದರೇನು ಎಂದು ತಿಳಿಯುವ ಮೊದಲೇ ಸೂತ್ರ ಬಾಯಿಪಾಠವಾಗಿರುತ್ತದೆ. ಇಂಥ ಮಕ್ಕಳಿಗೆ ಒಬ್ಬ ಹಿರಿಯರ ಪರಿಚಯ ಮಾಡಿಕೊಡಬೇಕೆಂದು ಈ ಲೇಖನ.

ಭಾಸ್ಕರಾಚಾರ್ಯರು ಹುಟ್ಟಿದ್ದು ಶಕ 1036, ಅಂದರೆ ಕ್ರಿ.ಶ. 1114ರಲ್ಲಿ. ತಮ್ಮ ಊರು ಸಹ್ಯ ಪರ್ವತದ ಸಮೀಪದ ವಿಜ್ಜಡವಿಡ ಎಂದು ಅವರೇ ಬರೆದಿಟ್ಟಿದ್ದಾರೆ. ನಿಪ್ಪಾಣಿಯಿಂದ ಪಶ್ಚಿಮಕ್ಕೆ ಹೊರಟರೆ ನಿಮಗೆ ಸಿಗುವುದೂ ಅದೇ ಸಹ್ಯಾದ್ರಿ ಸಾಲು. ವಿಜ್ಜಡವಿಡವೇ ಇಂದಿನ ವಿಜಯಪುರ ಎಂದು ಕನ್ನಡಿಗರಲ್ಲಿ ಅನೇಕರು ನಂಬುತ್ತಾರೆ. ಮಹಾರಾಷ್ಟ್ರದವರು ತಮ್ಮ ಕಡೆಯ ಊರನ್ನು ತೋರಿಸುತ್ತಾರೆ. ಗಡಿಭಾಗದಲ್ಲಿರುವ ನಮಗೆ ಇಂಥ ಜಗ್ಗಾಟ ಹೊಸದೇನಲ್ಲ, ಬಿಡಿ. ತಂದೆ ಮಹೇಶ್ವರರು ಜ್ಯೋತಿಷ ಬಲ್ಲವರು, ಮಗನಿಗೆ ಅವರೇ ಗುರುಗಳು. ಮೂವತ್ತಾರನೆಯ ವಯಸ್ಸಿನಲ್ಲಿ, 1150ರಲ್ಲಿ, ಭಾಸ್ಕರಾಚಾರ್ಯರು ಸಿದ್ಧಾಂತ ಶಿರೋಮಣಿಯನ್ನು ಮುಗಿಸಿದರು. ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬ ನಾಲ್ಕು ಭಾಗಗಳು ಅದರವು. ಅರವತ್ತೊಂಬತ್ತರ ವಯಸ್ಸಿನಲ್ಲಿಯೂ ಅವರು ಸುಮ್ಮನೆ ಕೂರದೆ, 1183ರಲ್ಲಿ ಕರಣಕುತೂಹಲ ಬರೆದರು.

ಬೀಜಗಣಿತದಲ್ಲಿ ಅವರು ಕೇಳಿದ ಒಂದು ಲೆಕ್ಕವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಒಬ್ಬನ ಬಳಿ 300 ನಗದು ಮತ್ತು 6 ಕುದುರೆಗಳಿವೆ. ಇನ್ನೊಬ್ಬನ ಬಳಿ 10 ಕುದುರೆಗಳಿವೆ, ಆದರೆ ತಲೆಯ ಮೇಲೆ 100ರ ಸಾಲವಿದೆ. ಕುದುರೆಗಳೆಲ್ಲ ಒಂದೇ ಬೆಲೆಯವು, ಇಬ್ಬರ ಆಸ್ತಿಯೂ ಸಮ. ಹಾಗಾದರೆ ಒಂದು ಕುದುರೆಯ ಬೆಲೆ ಎಷ್ಟು? ಕುದುರೆ ಕಾಣದ ಮಕ್ಕಳಿಗೆ ಎಮ್ಮೆ ಎಂದು ಹೇಳಿದರೂ ಲೆಕ್ಕ ಕೆಡುವುದಿಲ್ಲ.

ಗೊತ್ತಿಲ್ಲದ ಬೆಲೆಯನ್ನು ಅವರು ಯಾವತ್ತಾವತ್ ಎಂದು ಕರೆದರು. ಬರೆಯುವಾಗ ಯಾ ಎಂಬ ಒಂದೇ ಅಕ್ಷರ. ಅದೇ ನಿಮ್ಮ ಎಕ್ಸ್. ಸಾಲವನ್ನು ಋಣ ಸಂಖ್ಯೆಯೆಂದು ಬಗೆದು ಅಂಕಿಯ ಮೇಲೊಂದು ಚುಕ್ಕೆ ಇಡುತ್ತಿದ್ದರು. ಈ ಮಾತು ಸಣ್ಣದಲ್ಲ. ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿ ಅವರ ಗ್ರಂಥದ ಹೆಸರಿನಿಂದಲೇ ಆಲ್ಜಿಬ್ರಾ ಎಂಬ ಪದ ಬಂದಿತು. ಆದರೆ ಆ ಮಹಾನುಭಾವರು ಋಣ ಸಂಖ್ಯೆಯನ್ನು ಒಂಟಿಯಾಗಿ ನಿಲ್ಲಿಸದೆ, ಕಳೆಯುವ ಪದವನ್ನು ಆಚೆ ಬದಿಗೆ ಸಾಗಿಸಿ ಕೂಡಿಸುತ್ತಿದ್ದರು. ಭಾರತದಲ್ಲಿ ಬ್ರಹ್ಮಗುಪ್ತರ ಕಾಲದಿಂದಲೇ ಸಾಲಕ್ಕೂ ಸಂಖ್ಯೆಗಳ ಸಾಲಿನಲ್ಲಿ ಜಾಗವಿತ್ತು.

ಈಗ ಗ್ರಾಫ್ ಹಾಳೆ ತೆಗೆದುಕೊಳ್ಳಿ. ಕುದುರೆಯ ಬೆಲೆ ಎಕ್ಸ್, ಒಟ್ಟು ಆಸ್ತಿ ವೈ. ಕುದುರೆಗೆ ಬೆಲೆಯೇ ಇಲ್ಲವೆಂದರೆ ಮೊದಲನೆಯವನ ಆಸ್ತಿ 300. ಬೆಲೆ 50 ಆದರೆ ಆಸ್ತಿ 600. ಎರಡು ಬಿಂದುಗಳು ಸಿಕ್ಕವು, ರೇಖೆ ಎಳೆಯಲು ಅಷ್ಟೇ ಸಾಕು. ಬೆಲೆ 50 ಏರಿದಾಗ ಆಸ್ತಿ 300 ಏರಿತು; 300ನ್ನು 50ರಿಂದ ಭಾಗಿಸಿದರೆ 6. ಇದೇ ರೇಖೆಯ ಇಳಿಜಾರು. ಅದು ಬೇರೇನೂ ಅಲ್ಲ, ಅವನ ಕುದುರೆಗಳ ಸಂಖ್ಯೆ! ರೇಖೆ ವೈ ಅಕ್ಷವನ್ನು ಮುಟ್ಟುವ 300 ಅವನ ನಗದು. ಸಮೀಕರಣ ತಾನೇ ತಾನಾಗಿ ಬಂತು: ವೈ = 6 ಎಕ್ಸ್ + 300. ಎರಡನೆಯವನ ರೇಖೆ ಸಾಲದಿಂದ, ಅಂದರೆ ಸೊನ್ನೆಗಿಂತ 100 ಕೆಳಗಿನಿಂದ ಹೊರಡುತ್ತದೆ. ಬೆಲೆ 50 ಆದಾಗ ಅವನ ಆಸ್ತಿ 400. ಏರಿದ್ದು 500, 50ರಿಂದ ಭಾಗಿಸಿದರೆ 10. ಆದ್ದರಿಂದ ವೈ = 10 ಎಕ್ಸ್ − 100. ಕೆಳಗಿನಿಂದ ಹೊರಟರೂ ಕಡಿದಾಗಿ ಏರುವ ಈ ರೇಖೆ ಮೊದಲನೆಯದನ್ನು ಒಂದು ಕಡೆ ದಾಟುತ್ತದೆ. ಅಲ್ಲಿ ಎಕ್ಸ್ 100, ವೈ 900. ಕುದುರೆಯ ಬೆಲೆ 100.

ಭಾಸ್ಕರಾಚಾರ್ಯರು ಈ ರೇಖೆಗಳನ್ನು ಎಳೆಯಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಎರಡು ಕಡೆಯನ್ನೂ ಸಮ ಮಾಡಿ, 4 ಕುದುರೆಗೆ 400 ಎಂದು ಕಂಡುಕೊಂಡರು. ಎರಡು ಅವ್ಯಕ್ತಗಳ ಮೊದಲ ಘಾತದ ಸಮೀಕರಣ ಸರಳರೇಖೆಯೇ ಆಗುತ್ತದೆ ಎಂದು ತೋರಿಸಿದ್ದು ಹದಿನೇಳನೆಯ ಶತಮಾನದಲ್ಲಿ, ಫ್ರಾನ್ಸಿನ ತುಲೂಸ್ ನಗರದ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದ ಫರ್ಮಾ. ಅದೇ ಹೊತ್ತಿಗೆ ಡೇಕಾರ್ತ್ ಅವರ ರೇಖಾಗಣಿತ 1637ರಲ್ಲಿ ಅಚ್ಚಾಯಿತು. ಎಲ್ಲವೂ ನಮ್ಮಲ್ಲೇ ಇತ್ತು ಎಂದು ಬೀಗುವುದು ಬೇಡ. ಇದ್ದದ್ದನ್ನು ಮರೆಯುವುದೂ ಬೇಡ.

ಮರೆಯದಂತೆ ನೋಡಿಕೊಂಡವರು ಯಾರು ಗೊತ್ತೇ? ಮೊದಲು ಅವರ ಮನೆಯವರೇ. ಮೊಮ್ಮಗ ಚಾಂಗದೇವ ಯಾದವ ದೊರೆ ಸಿಂಘಣನ ಆಸ್ಥಾನದಲ್ಲಿದ್ದವನು. ಅಜ್ಜನ ಗ್ರಂಥಗಳ ಪಾಠಕ್ಕೆಂದೇ ಒಂದು ಮಠ ಕಟ್ಟಿಸಿದ. ಮಹಾರಾಷ್ಟ್ರದ ಚಾಳೀಸಗಾಂವ ಬಳಿಯ ಪಾಟಣದಲ್ಲಿ ಅದಕ್ಕೆ ದಾನ ನೀಡಿದ 1207ರ ಶಾಸನ ದೊರೆತಿದೆ. ನಾಲ್ಕು ಶತಮಾನ ಕಳೆಯಿತು. ಅಕ್ಬರ್ ಬಾದಶಹರ ಅಪ್ಪಣೆಯಂತೆ ಅವರ ಆಸ್ಥಾನಕವಿ ಫೈಜಿ 1587ರಲ್ಲಿ ಲೀಲಾವತಿಯನ್ನು ಪಾರಸಿಗೆ ತಂದರು. ಲೀಲಾವತಿ ಭಾಸ್ಕರಾಚಾರ್ಯರ ಮಗಳು, ಅವಳ ಉಡುಪಿನ ಮುತ್ತು ನೀರಿನ ಗಡಿಯಾರದ ರಂಧ್ರಕ್ಕೆ ಸಿಕ್ಕಿ ಮದುವೆಯ ಮುಹೂರ್ತ ತಪ್ಪಿತು ಎಂಬ ಕಥೆಯನ್ನು ನೀವು ಶಾಲೆಯಲ್ಲಿ ಕೇಳಿರಬಹುದು. ಆ ಕಥೆ ಇರುವುದು ಫೈಜಿಯವರ ಮುನ್ನುಡಿಯಲ್ಲಿ, ಭಾಸ್ಕರಾಚಾರ್ಯರ ಗ್ರಂಥದಲ್ಲಲ್ಲ.

ನಮ್ಮ ಕುದುರೆಯ ಲೆಕ್ಕವಿರುವ ಬೀಜಗಣಿತವನ್ನು ಪಾರಸಿಗೆ ತಂದವರು ಅತಾಉಲ್ಲಾ ರುಶ್ದಿ. 1634–35ರಲ್ಲಿ ಮುಗಿಸಿ ಶಹಜಹಾನ್ ಬಾದಶಹರಿಗೆ ಅರ್ಪಿಸಿದರು. ತಾಜಮಹಲಿನ ಶಿಲ್ಪಿ ಉಸ್ತಾದ್ ಅಹ್ಮದ್ ಲಾಹೋರಿ ಅವರ ಮಗ ಇವರು. 1813ರಲ್ಲಿ ಎಡ್ವರ್ಡ್ ಸ್ಟ್ರೇಚಿ ಬೀಜಗಣಿತವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದಾಗ ಅವರ ಮುಂದಿದ್ದದ್ದು ಈ ಪಾರಸಿ ಪ್ರತಿಯೇ. ಕೋಲ್‌ಬ್ರೂಕ್ ಸಂಸ್ಕೃತ ಮೂಲದಿಂದ ಮಾಡಿದ ಅನುವಾದ ಬಂದದ್ದು 1817ರಲ್ಲಿ.

ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರಾಗಿರುವ ಔರಂಗಾಬಾದಿಗೆ ಶಾಲೆಯ ಪ್ರವಾಸ ಹೋದರೆ ಬೀಬಿ ಕಾ ಮಕ್ಬರಾ ನೋಡದೆ ಬರಬೇಡಿ. ಅದನ್ನು ರೂಪಿಸಿದವರೂ ಅತಾಉಲ್ಲಾ ಅವರೇ. ಮುಖ್ಯ ಬಾಗಿಲಿನ ಬರಹದಲ್ಲಿ, ಹಂಸಪತ್ ರಾಯ್ ಎಂಬ ಇಂಜಿನಿಯರರ ಹೆಸರಿನೊಂದಿಗೆ ಅವರ ಹೆಸರೂ ಇದೆ.