ಅಂಚೆಚೀಟಿಯ ಹಿಂದಿನ ಉಪಾಧ್ಯಾಯ

ಅಂಚೆಚೀಟಿಗಳನ್ನು ಕೂಡಿಡುವ ಹವ್ಯಾಸವನ್ನು ಹುಡುಗಾಟವೆಂದು ಹಗುರಾಗಿ ಎಣಿಸುವವರುಂಟು. ಅವರ ಮಾತನ್ನು ನಾನು ಒಪ್ಪಲಾರೆ. ಹೆಬ್ಬೆರಳ ಉಗುರಿಗಿಂತ ತುಸುವೇ ದೊಡ್ಡದಾದ ಆ ಕಾಗದದ ತುಣುಕು ಸಂಗ್ರಾಹಕನ ಕೈ ಸೇರುವ ಮುನ್ನ ಇಬ್ಬರು ಮನುಷ್ಯರ ನಡುವಣ ದೂರವನ್ನು ದಾಟಿ ಬಂದಿರುತ್ತದೆ. ಎಂದೂ ಕಂಡಿರದ ಪರದೇಶದವರಿಗೆ ಚಿತ್ರ ಬರೆದ ಲಕೋಟೆಯನ್ನು ಕಳಿಸಿ, ಅಂಥದೇ ಒಂದನ್ನು ಪಡೆದು ಹಿಗ್ಗುವವರು ಇಂದಿಗೂ ಇದ್ದಾರೆ. ಈ ಸಲಿಗೆಯನ್ನು ಲೋಕಕ್ಕೆ ಗಳಿಸಿಕೊಟ್ಟವನು ಒಬ್ಬ ಶಾಲಾ ಉಪಾಧ್ಯಾಯನೆಂಬುದು ನನ್ನಂಥ ಪಾಠ ಹೇಳುವವನಿಗೆ ಅಭಿಮಾನದ ಸಂಗತಿ.

ರೋಲೆಂಡ್ ಹಿಲ್ ೧೭೯೫ರ ಡಿಸೆಂಬರ್ ೩ರಂದು ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್ ಎಂಬ ಊರಿನಲ್ಲಿ ಹುಟ್ಟಿದನು. ತಂದೆ ಥಾಮಸ್ ರೈಟ್ ಹಿಲ್ ಶಾಲೆಯನ್ನು ನಡೆಸುತ್ತಿದ್ದನು. ಆ ಮನೆಯಲ್ಲಿ ವಿಚಾರಕ್ಕೆ ಬಡತನವಿರಲಿಲ್ಲ, ಹಣಕ್ಕಿತ್ತು. ಅಂದು ಅಂಚೆಯ ಹಣವನ್ನು ಸಾಮಾನ್ಯವಾಗಿ ಪತ್ರ ಪಡೆದವರೇ ತೆರಬೇಕಾಗಿದ್ದುದರಿಂದ, ಅಂಚೆಯವನು ಬಾಗಿಲು ತಟ್ಟಿದರೆ ತಾಯಿಯ ಎದೆ ನಡುಗುತ್ತಿತ್ತು. ಒಮ್ಮೆ ಆ ಹಣಕ್ಕಾಗಿ ಚಿಂದಿಬಟ್ಟೆಗಳನ್ನು ಮಾರಿಬರಲು ಬಾಲಕ ರೋಲೆಂಡನನ್ನೇ ಕಳಿಸಬೇಕಾಯಿತು. ಈ ನೆನಪು ಆತನಲ್ಲಿ ಕೊನೆಯವರೆಗೂ ಉಳಿಯಿತು.

ಹನ್ನೆರಡರ ಎಳವೆಯಲ್ಲಿಯೇ ಹಿಲ್ಲನು ತಂದೆಯ ಶಾಲೆಯಲ್ಲಿ ಪಾಠ ಹೇಳತೊಡಗಿದನು. ೧೮೧೯ರಲ್ಲಿ ಬರ್ಮಿಂಗ್‌ಹ್ಯಾಮಿನ ಬಳಿ ಈ ಮನೆತನ ತೆರೆದ ಹೇಜಲ್‌ವುಡ್ ಶಾಲೆಯಲ್ಲಿ ಬೆತ್ತಕ್ಕೆ ಎಡೆಯಿರಲಿಲ್ಲ. ತಪ್ಪಿತಸ್ಥರ ವಿಚಾರಣೆಯನ್ನು ವಿದ್ಯಾರ್ಥಿಗಳ ನ್ಯಾಯಸಭೆಯೇ ನಡೆಸುತ್ತಿತ್ತು. ಮಕ್ಕಳನ್ನು ನಂಬಿದ ಈ ಉಪಾಧ್ಯಾಯನೇ ಮುಂದೆ ಜನವನ್ನೂ ನಂಬಿದನು.

ಅಂದಿನ ಅಂಚೆಯ ದರ ದೂರವನ್ನೂ ಹಾಳೆಗಳ ಸಂಖ್ಯೆಯನ್ನೂ ಅನುಸರಿಸಿ ಏರುತ್ತಿತ್ತು. ಲಂಡನ್ನಿನಿಂದ ಎಡಿನ್‌ಬರೋಗೆ ಒಂದು ಹಾಳೆ ಹೋಗಲು ಒಂದು ಷಿಲಿಂಗಿಗೂ ಮಿಕ್ಕಿ, ಎಂದರೆ ಹನ್ನೆರಡು ಪೆನ್ನಿಗಳಿಗೂ ಹೆಚ್ಚು, ಬೀಳುತ್ತಿತ್ತು. ಪಾರ್ಲಿಮೆಂಟಿನ ಸದಸ್ಯರಿಗೆ ಮಾತ್ರ ಉಚಿತ. ಬಡ ಹೆಂಗಸೊಬ್ಬಳು ಷಿಲಿಂಗು ಕೊಡಲಾರದೆ ಪತ್ರವನ್ನು ಮರಳಿಸಹೊರಟಾಗ ದಾರಿಹೋಕನೊಬ್ಬನು ಕನಿಕರದಿಂದ ಹಣ ತೆತ್ತ ಕತೆ ಪ್ರಸಿದ್ಧವಾಗಿದೆ. ಒಡೆದು ನೋಡಿದರೆ ಹಾಳೆ ಬರಿದಾಗಿತ್ತು! ತಾನು ಕ್ಷೇಮವೆಂದು ತಿಳಿಸಲು ಅವಳ ಅಣ್ಣ ಹೂಡಿದ್ದ ಉಪಾಯವದು. ಆ ದಾರಿಹೋಕನು ಹಿಲ್ಲನೆಂದು ಹಲವರು ಬರೆದಿದ್ದಾರೆ; ನಿಜಕ್ಕೂ ಅವನು ಕವಿ ಕೋಲ್‌ರಿಜ್. ಹಿಲ್ಲನು ಆ ಪ್ರಸಂಗವನ್ನು ಉದಾಹರಿಸಿದನಷ್ಟೆ.

೧೮೩೭ರಲ್ಲಿ ಹಿಲ್ಲನು ಅಂಚೆಯ ಸುಧಾರಣೆಯನ್ನು ಕುರಿತು ಪುಸ್ತಿಕೆಯೊಂದನ್ನು ಹೊರತಂದನು. ಅದರಲ್ಲಿ ಆವೇಶಕ್ಕಿಂತ ಲೆಕ್ಕವೇ ಹೆಚ್ಚು. ಲಂಡನ್ನಿನಿಂದ ಎಡಿನ್‌ಬರೋಗೆ ಒಂದು ಪತ್ರವನ್ನು ಸಾಗಿಸಲು ತಗಲುವ ನಿಜವಾದ ವೆಚ್ಚ ಒಂದು ಪೆನ್ನಿಯ ಮೂವತ್ತಾರನೆಯ ಒಂದು ಪಾಲೆಂದು ಆತನು ತೋರಿಸಿದನು. ಉಳಿದ ಹಣವೆಲ್ಲ ತೆರಿಗೆಗೂ, ದೂರವನ್ನೆಣಿಸಿ ಮನೆಮನೆಯಲ್ಲಿ ವಸೂಲು ಮಾಡುವ ತೊಡಕಿಗೂ ಹೋಗುತ್ತಿತ್ತು. ದೂರವೆಷ್ಟೇ ಇರಲಿ, ಅರ್ಧ ಔನ್ಸಿನೊಳಗಣ ಪತ್ರಕ್ಕೆ ಒಂದೇ ಪೆನ್ನಿ, ಅದನ್ನು ಕಳಿಸುವವನೇ ಮೊದಲು ತೆರಬೇಕು ಎಂಬುದು ಆತನ ಸೂತ್ರ. ಅಂಚೆಯ ಅಧಿಕಾರಿಗಳು ನಕ್ಕರು. ವರ್ತಕರೂ ಜನಸಾಮಾನ್ಯರೂ ಆತನ ಬೆನ್ನಿಗೆ ನಿಂತರು. ೧೮೪೦ರ ಜನವರಿ ೧೦ರಂದು ಪೆನ್ನಿ ಅಂಚೆ ಜಾರಿಗೆ ಬಂದಿತು.

ಅದೇ ವರ್ಷ ಮೇ ತಿಂಗಳಲ್ಲಿ ವಿಕ್ಟೋರಿಯಾ ರಾಣಿಯ ಮುಖವುಳ್ಳ ಕಪ್ಪು ಚೀಟಿ ಹೊರಬಂದಿತು. ಅಂಟಿಸುವ ಚೀಟಿಯ ಕಲ್ಪನೆ ಮೊದಲು ತನ್ನದೆಂದು ಡಂಡಿಯ ಜೇಮ್ಸ್ ಚಾಮರ್ಸ್ ವಾದಿಸಿದ್ದುಂಟು. ಚೀಟಿಯ ಜೊತೆಗೆ ಚಿತ್ರಕಾರ ಮುಲ್‌ರೆಡಿ ರಚಿಸಿದ ಸಚಿತ್ರ ಲಕೋಟೆಯೂ ಬಂದಿತು: ನಡುವೆ ಬ್ರಿಟಾನಿಯಾ ದೇವಿ, ಸುತ್ತಲೂ ಆನೆ, ಒಂಟೆ, ನಾನಾ ದೇಶದ ಜನ. ಜನರು ಅದನ್ನು ಕಂಡು ಗೇಲಿಮಾಡಿದರು. ಅಣಕದ ಲಕೋಟೆಗಳು ಅಚ್ಚಾದವು. ಸರಕಾರ ಅದನ್ನು ಹಿಂತೆಗೆಯಬೇಕಾಯಿತು. ಇಂದು ಸಂಗ್ರಾಹಕರು ಅದನ್ನೂ ಅದರ ಅಣಕಗಳನ್ನೂ ಸಮಾನ ಆದರದಿಂದ ಕಾಯ್ದಿಡುತ್ತಾರೆ.

ಹಿಲ್ಲನ ಹಾದಿ ಸುಗಮವಾಗಿರಲಿಲ್ಲ. ೧೮೩೯ರಲ್ಲಿ ಸುಮಾರು ೭ ಕೋಟಿ ೬೦ ಲಕ್ಷವಿದ್ದ ಪತ್ರಗಳು ಮರುವರ್ಷ ಸುಮಾರು ೧೬ ಕೋಟಿ ೯೦ ಲಕ್ಷವಾದರೂ ಅಂಚೆಯ ನಿವ್ವಳ ಆದಾಯ ಮೂರನೆಯ ಒಂದು ಪಾಲಿಗೆ ಇಳಿಯಿತು. ೧೮೪೨ರಲ್ಲಿ ಆತನನ್ನು ಹುದ್ದೆಯಿಂದ ಬಿಡಿಸಲಾಯಿತು. ಜನ ಮಾತ್ರ ಮರೆಯಲಿಲ್ಲ. ೧೮೪೬ರಲ್ಲಿ ಹದಿಮೂರು ಸಾವಿರ ಪೌಂಡಿಗೂ ಹೆಚ್ಚಿನ ನಿಧಿಯನ್ನು ಕೂಡಿಸಿ ಅರ್ಪಿಸಿದರು. ಅದೇ ವರ್ಷ ಅಂಚೆಗೆ ಮರಳಿದ ಹಿಲ್ಲನು ೧೮೫೪ರಲ್ಲಿ ಅದರ ಕಾರ್ಯದರ್ಶಿಯಾಗಿ, ೧೮೬೪ರವರೆಗೆ ದುಡಿದನು. ಆತನು ಹಟಮಾರಿ, ಸಹೋದ್ಯೋಗಿಗಳೊಡನೆ ಹೊಂದಿ ನಡೆದವನಲ್ಲ. ಅಂಚೆಯಲ್ಲಿಯೇ ಕೆಲಸದಲ್ಲಿದ್ದ ಕಾದಂಬರಿಕಾರ ಟ್ರಾಲಪ್ ಆತನನ್ನು ಮೆಚ್ಚುತ್ತಿರಲಿಲ್ಲ.

ಆತನ ಸೂತ್ರ ಬೇಗನೆ ನಮ್ಮ ನಾಡಿಗೂ ಬಂದಿತು. ನಮ್ಮ ಧಾರವಾಡ ಸೀಮೆಯಂತೆಯೇ ಮುಂಬಯಿ ಆಡಳಿತಕ್ಕೆ ಸೇರಿದ್ದ ಸಿಂಧ್ ಪ್ರಾಂತದಲ್ಲಿ ೧೮೫೨ರಲ್ಲಿ ಚೀಟಿಗಳು ಹೊರಟವು. ೧೮೫೪ರ ಅಕ್ಟೋಬರಿನಿಂದ ಬ್ರಿಟಿಷ್ ಭಾರತಕ್ಕೆಲ್ಲ ಒಂದೇ ದರವಾಗಿ, ಹಗುರಾದ ಪತ್ರ ಅರ್ಧ ಆಣೆಗೆ ಹೋಗತೊಡಗಿತು. ೧೮೭೪ರಲ್ಲಿ ಬರ್ನ್ ನಗರದಲ್ಲಿ ೨೨ ದೇಶಗಳು ಅಂಚೆಯ ಒಕ್ಕೂಟವನ್ನು ಕಟ್ಟಿದವು. ೧೮೭೬ರಲ್ಲಿ ಭಾರತವೂ ಅದನ್ನು ಸೇರಿತು. ೧೮೭೯ರ ಜುಲೈಯಲ್ಲಿ ಇಲ್ಲಿ ಕಾಲು ಆಣೆಯ ಕಾರ್ಡು ಬಂದಿತು. ಆಗಸ್ಟ್ ೨೭ರಂದು ಹಿಲ್ಲನು ತೀರಿಕೊಂಡನು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಆತನ ಸಮಾಧಿಯಿದೆ.

ಬಡವರ ಪುಟ್ಟ ಕಾಣಿಕೆಯ ಮೇಲೆ ದೊಡ್ಡ ವ್ಯವಸ್ಥೆಯೊಂದು ನಿಲ್ಲಬಲ್ಲುದೆಂದು ಹಿಲ್ಲನು ನಂಬಿದ್ದನು. ಇದನ್ನು ತರಗತಿಯಲ್ಲಿ ವಿವರಿಸುವಾಗ ಗದಗಿನ ಮಗ್ಗುಲಿನ ಕಣಗಿನಹಾಳ ನನಗೆ ತಾನಾಗಿ ನೆನಪಾಗುತ್ತದೆ. ಅಲ್ಲಿ ೧೯೦೫ರ ಮೇ ೮ರಂದು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ನಾಡಿನ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ಅವರ ಮುಂದಿದ್ದುದು ಸಾಲದ ಸಮಸ್ಯೆ, ಹಿಲ್ಲನ ಮುಂದಿದ್ದುದು ಪತ್ರದ ಸಮಸ್ಯೆ. ಇಬ್ಬರ ನಂಬಿಕೆ ಮಾತ್ರ ಒಂದೇ.

ಪಡೆಯುವವನೇ ಹಣ ತೆರಬೇಕಾಗಿದ್ದ ಕಾಲದಲ್ಲಿ ಅಪರಿಚಿತನಿಗೆ ಪತ್ರ ಬರೆಯುವುದೆಂದರೆ ಅವನ ಮೇಲೆ ಭಾರ ಹೊರಿಸಿದಂತೆ. ಕಳಿಸುವವನೇ ಮೊದಲು ತೆತ್ತಾಗ ಪತ್ರ ಉಡುಗೊರೆಯಾಯಿತು. ಪರದೇಶದ ಲಕೋಟೆಯೊಂದು ನಮ್ಮ ಕೈಗೆ ಬಂದಾಗ ಅದರ ಮೂಲೆಯ ಚೀಟಿ ಹೇಳುವುದಿಷ್ಟೆ: ನಮ್ಮನ್ನು ಕಾಣದ ಯಾರೋ ನಮಗಾಗಿ ಆಗಲೇ ತೆತ್ತಿದ್ದಾರೆ.