ಕೌಡೂರಿನ ಹೆಗ್ಡೆಯವರಿಗೆ ಸಿಗದ ಕುರ್ಚಿ

ನಿಟ್ಟೆ ಅಂದ್ರೆ ನಮ್ಮಂಥ ಇಂಜಿನಿಯರಿಂಗ್ ಹುಡುಗರಿಗೆ ನೆನಪಾಗೋದು ಸಿಇಟಿ ಕಟ್ ಆಫ್ ಮತ್ತು ಫೆಸ್ಟ್. ದೇರಳಕಟ್ಟೆ ಅಂದ್ರೆ ಕೆ.ಎಸ್. ಹೆಗ್ಡೆ ಆಸ್ಪತ್ರೆ. ನಮ್ಮ ಮಾವಿನಕುರ್ವೆ ಕಡೆ ಯಾರಿಗಾದರೂ ದೊಡ್ಡ ಕಾಯಿಲೆ ಬಂದ್ರೆ ಮಣಿಪಾಲ, ಇಲ್ಲವೇ ಮಂಗಳೂರು ಅಂತ ಗಾಡಿ ಹತ್ತಿಸೋದು ರೂಢಿ. ಹಾಗಾಗಿ ಆ ಹೆಸರನ್ನು ಚಿಕ್ಕಂದಿನಿಂದ ಕೇಳುತ್ತಲೇ ಬೆಳೆದಿದ್ದೇವೆ. ಯಾರೋ ದೊಡ್ಡ ಡಾಕ್ಟರ್ ಇರಬೇಕು ಅಂದುಕೊಂಡಿದ್ದೆವು. ಸೆಕೆಂಡ್ ಇಯರ್‌ನಲ್ಲಿ ಸಂವಿಧಾನದ ಪೇಪರ್‌ಗೆ ಓದಲು ಕೂತಾಗ ಗೊತ್ತಾಯ್ತು, ಡಾಕ್ಟರ್ ಅಲ್ಲ ಮಾರಾಯ್ರೇ, ಸುಪ್ರೀಂ ಕೋರ್ಟಿನ ಜಡ್ಜ್!

ಕೌಡೂರು ಸದಾನಂದ ಹೆಗ್ಡೆ ಹುಟ್ಟಿದ್ದು 1909ರ ಜೂನ್ 11ರಂದು, ಕಾರ್ಕಳ ತಾಲ್ಲೂಕಿನ ಕೌಡೂರಿನಲ್ಲಿ. ಮಂಗಳೂರಿನ ಸೇಂಟ್ ಅಲೋಶಿಯಸ್ ಕಾಲೇಜು, ಆಮೇಲೆ ಮದ್ರಾಸಿನಲ್ಲಿ ಲಾ. ಸ್ವಲ್ಪ ಕಾಲ ಸರ್ಕಾರಿ ವಕೀಲರಾಗಿದ್ದರು. 1952ರಲ್ಲಿ ಕಾಂಗ್ರೆಸ್‌ನಿಂದ ರಾಜ್ಯಸಭೆಗೆ ಹೋದರು. 1957ರಲ್ಲಿ ಆ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಯಾದರು. ಇವತ್ತು ಒಬ್ಬ ಎಂಪಿ ಹೀಗೆ ನೇರವಾಗಿ ಜಡ್ಜ್ ಆಗಿಬಿಟ್ಟರೆ ವಾಟ್ಸಾಪ್ ಗ್ರೂಪುಗಳಲ್ಲಿ ಏನೇನು ಬರಬಹುದು ಊಹಿಸಿ. ನಮಗೂ ಮೊದಲು ಇದು ಸರಿ ಅನ್ನಿಸಲಿಲ್ಲ. ಆದರೆ ಇದು ಹೊಸದೇನೂ ಅಲ್ಲ. ನಮ್ಮ ಹೊನ್ನಾವರದಲ್ಲೇ ಹುಟ್ಟಿದ ನಾರಾಯಣ ಚಂದಾವರ್ಕರ್ 1900ರಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರು, ಮರುವರ್ಷವೇ ಬಾಂಬೆ ಹೈಕೋರ್ಟಿನ ನ್ಯಾಯಾಧೀಶರು. ಯಾವ ಪಕ್ಷದಿಂದ ಬಂದರು ಅನ್ನೋದಕ್ಕಿಂತ ಪೀಠದ ಮೇಲೆ ಕೂತು ಏನು ಮಾಡಿದರು ಅನ್ನೋದನ್ನು ನೋಡಬೇಕು. ಹೆಗ್ಡೆಯವರ ವಿಷಯದಲ್ಲಿ ನೋಡೋಕೆ ಬೇಕಾದಷ್ಟಿದೆ.

1966ರಲ್ಲಿ ದೆಹಲಿ ಹೈಕೋರ್ಟ್ ಶುರುವಾದಾಗ ಅವರೇ ಅದರ ಮೊದಲ ಮುಖ್ಯ ನ್ಯಾಯಮೂರ್ತಿ. 1967ರ ಜುಲೈನಲ್ಲಿ ಸುಪ್ರೀಂ ಕೋರ್ಟಿಗೆ.

ಅಮೆರಿಕದಲ್ಲಿ ಅಧ್ಯಕ್ಷರು ಒಂದು ಹೆಸರು ಸೂಚಿಸ್ತಾರೆ, ಆಮೇಲೆ ಸೆನೆಟ್‌ನವರು ಆ ವ್ಯಕ್ತಿಯನ್ನು ಟಿವಿ ಮುಂದೆ ಕೂರಿಸಿ ದಿನಗಟ್ಟಲೆ ಪ್ರಶ್ನೆ ಕೇಳಿ ಓಟು ಹಾಕ್ತಾರೆ. ನಮ್ಮಲ್ಲಿ ಅಂಥದ್ದಿಲ್ಲ. ಸಂವಿಧಾನದ 124ನೇ ವಿಧಿಯ ಪ್ರಕಾರ ನೇಮಿಸುವವರು ರಾಷ್ಟ್ರಪತಿ, ಅಂದ್ರೆ ಆಗಿನ ಲೆಕ್ಕದಲ್ಲಿ ಕೇಂದ್ರ ಸರ್ಕಾರ. ಮುಖ್ಯ ನ್ಯಾಯಮೂರ್ತಿಯ ಜೊತೆ ಸಮಾಲೋಚನೆ ಮಾಡಬೇಕು, ಅಷ್ಟೇ. ಮುಖ್ಯ ನ್ಯಾಯಮೂರ್ತಿಯನ್ನೇ ಆರಿಸುವುದು ಹೇಗೆ ಅಂತ ಅಲ್ಲಿ ಬಿಡಿಸಿ ಬರೆದಿಲ್ಲ. ಇರುವವರಲ್ಲಿ ಸೀನಿಯರ್ ಯಾರೋ ಅವರೇ ಮುಂದಿನವರು ಅನ್ನೋದು 1950ರಿಂದ ನಡೆದು ಬಂದ ಪದ್ಧತಿ. 1964ರಲ್ಲಿ ಒಮ್ಮೆ ಮಾತ್ರ ಸೀನಿಯರ್ ಆಗಿದ್ದವರ ಆರೋಗ್ಯ ಕೆಟ್ಟಿದ್ದರಿಂದ ಅದು ತಪ್ಪಿತ್ತು.

ಹೆಗ್ಡೆಯವರ ತೀರ್ಪುಗಳಲ್ಲಿ ನಮಗೆ ತುಂಬಾ ಹಿಡಿಸಿದ್ದು 1969ರ ಕ್ರೈಪಾಕ್ ಕೇಸ್. ಭಾರತೀಯ ಅರಣ್ಯ ಸೇವೆಗೆ ಜಮ್ಮು-ಕಾಶ್ಮೀರದ ಅಧಿಕಾರಿಗಳನ್ನು ಆರಿಸಬೇಕಿತ್ತು. ಆಯ್ಕೆ ಮಂಡಳಿಯಲ್ಲಿ ಅಲ್ಲಿನ ಹಂಗಾಮಿ ಮುಖ್ಯ ಅರಣ್ಯಾಧಿಕಾರಿಯೂ ಇದ್ದರು. ತಮಾಷೆ ಅಂದ್ರೆ ಅವರೂ ಒಬ್ಬ ಅಭ್ಯರ್ಥಿ! ತನ್ನ ಹೆಸರು ಬಂದಾಗ ಎದ್ದು ಹೊರಗೆ ಹೋದರು, ಎದುರಾಳಿಗಳ ಹೆಸರು ಬಂದಾಗ ಒಳಗೇ ಇದ್ದರು. ಕೊನೆಗೆ ಪಟ್ಟಿಯಲ್ಲಿ ಮೊದಲ ಹೆಸರು ಅವರದ್ದೇ. ಪ್ಲೇಸ್‌ಮೆಂಟ್ ಇಂಟರ್ವ್ಯೂನಲ್ಲಿ ನಮ್ಮ ಕ್ಲಾಸ್‌ಮೇಟ್ ಒಬ್ಬ ಪ್ಯಾನೆಲ್‌ನಲ್ಲಿ ಕೂತಹಾಗೆ. ಐದು ಜನರ ಪೀಠದ ಪರವಾಗಿ ತೀರ್ಪು ಬರೆದ ಹೆಗ್ಡೆಯವರು ಆ ಆಯ್ಕೆಯನ್ನೇ ರದ್ದು ಮಾಡಿದರು. ತನ್ನ ಲಾಭನಷ್ಟ ಇರುವ ಜಾಗದಲ್ಲಿ ತಾನೇ ತೀರ್ಪುಗಾರ ಆಗಬಾರದು, ಈ ನಿಯಮ ಕೋರ್ಟಿಗೆ ಮಾತ್ರ ಅಲ್ಲ, ಸರ್ಕಾರಿ ಆಫೀಸಿನ ಆಡಳಿತಕ್ಕೂ ಅನ್ವಯಿಸುತ್ತೆ ಅನ್ನೋದು ಅದರ ಸಾರ. ಲಾ ಕಾಲೇಜುಗಳಲ್ಲಿ ಇವತ್ತಿಗೂ ಈ ಕೇಸನ್ನು ಓದಿಸ್ತಾರೆ.

ಅದೇ ಹೊತ್ತಿಗೆ ಇಂದಿರಾ ಗಾಂಧಿ ಸರ್ಕಾರಕ್ಕೂ ಸುಪ್ರೀಂ ಕೋರ್ಟಿಗೂ ಜಟಾಪಟಿ ಶುರುವಾಗಿತ್ತು. 1970ರಲ್ಲಿ ಬ್ಯಾಂಕ್ ರಾಷ್ಟ್ರೀಕರಣದ ಕಾನೂನನ್ನು, ರಾಜರ ರಾಜಧನ ನಿಲ್ಲಿಸಿದ ಆದೇಶವನ್ನು ಕೋರ್ಟ್ ಹೊಡೆದುಹಾಕಿತು. ಹೆಗ್ಡೆ ಎರಡರಲ್ಲೂ ಬಹುಮತದ ಕಡೆ. ಎರಡರಲ್ಲೂ ಭಿನ್ನಮತ ಬರೆದವರಲ್ಲಿ ಎ.ಎನ್. ರೇ ಇದ್ದರು. ಈ ಹೆಸರು ನೆನಪಿಟ್ಟುಕೊಳ್ಳಿ.

ಆಮೇಲೆ ಬಂತು ಕೇಶವಾನಂದ ಭಾರತಿ ಕೇಸ್. ಕೇರಳದ ಭೂಸುಧಾರಣೆಯಲ್ಲಿ ಮಠದ ಜಮೀನಿಗೆ ಕುತ್ತು ಬಂದಾಗ ಕೋರ್ಟಿಗೆ ಹೋದವರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. ಹೊನ್ನಾವರದಿಂದ ಹೈವೇ ಹಿಡಿದು ದಕ್ಷಿಣಕ್ಕೆ ಹೋದರೆ ಉಡುಪಿ, ಮಂಗಳೂರು, ಕಾಸರಗೋಡು. ನಡುವೆ ಸ್ವಲ್ಪ ಒಳಗೆ ಕಾರ್ಕಳ. ಅರ್ಜಿ ಹಾಕಿದವರೂ ತೀರ್ಪು ಕೊಟ್ಟವರಲ್ಲಿ ಒಬ್ಬರೂ ಒಂದೇ ಕರಾವಳಿಯವರು ಅಂತ ನಮಗೆ ಯಾರೂ ಹೇಳಿರಲಿಲ್ಲ. 13 ನ್ಯಾಯಮೂರ್ತಿಗಳ ಪೀಠ 68 ದಿನ ವಾದ ಕೇಳಿತು. 1973ರ ಏಪ್ರಿಲ್ 24ರಂದು ತೀರ್ಪು ಬಂತು, 7ಕ್ಕೆ 6. ಸಂಸತ್ತು ಸಂವಿಧಾನ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪ ಕೆಡಿಸುವಂತಿಲ್ಲ. ಹೆಗ್ಡೆ ಏಳು ಜನರಲ್ಲಿ ಒಬ್ಬರು, ರೇ ಆರು ಜನರಲ್ಲಿ ಒಬ್ಬರು.

ಮುಖ್ಯ ನ್ಯಾಯಮೂರ್ತಿ ಸಿಕ್ರಿ ಅದೇ ವಾರ ನಿವೃತ್ತಿ. ಸೀನಿಯಾರಿಟಿಯಲ್ಲಿ ಮುಂದಿದ್ದವರು ಶೆಲಟ್, ಆಮೇಲೆ ಹೆಗ್ಡೆ, ಆಮೇಲೆ ಗ್ರೋವರ್. ನಾಲ್ಕನೆಯವರು ರೇ. ತೀರ್ಪಿನ ಮರುದಿನವೇ ಸರ್ಕಾರ ಮೂವರನ್ನೂ ದಾಟಿ ರೇ ಅವರ ಹೆಸರು ಪ್ರಕಟಿಸಿತು. 26ಕ್ಕೆ ಪ್ರಮಾಣ ವಚನವೂ ಆಯ್ತು. ದಾಟಿ ಹೋದ ಮೂವರೂ ಸರ್ಕಾರದ ವಿರುದ್ಧ ಬರೆದವರೇ. ನ್ಯಾಯಾಧೀಶರ ಸಾಮಾಜಿಕ ದೃಷ್ಟಿಕೋನವನ್ನೂ ನೋಡಬೇಕಾಗುತ್ತೆ ಅಂತ ಮಂತ್ರಿ ಕುಮಾರಮಂಗಲಂ ಸಂಸತ್ತಿನಲ್ಲಿ ಸಮರ್ಥಿಸಿಕೊಂಡರು. ಆದರೆ ಸಂವಿಧಾನದ ಕೇಸುಗಳಲ್ಲಿ ಬಹಳಷ್ಟು ಸಲ ಒಂದು ಕಡೆಯ ಪಾರ್ಟಿ ಸರ್ಕಾರವೇ ತಾನೇ? ಪಾರ್ಟಿಯೇ ಅಂಪೈರನ್ನು ಆರಿಸಿದರೆ? ಕ್ರೈಪಾಕ್ ಕೇಸಿನ ಆಯ್ಕೆ ಮಂಡಳಿ ಇಲ್ಲಿ ನೆನಪಾಗದೇ ಇರಲ್ಲ.

ಲೆಕ್ಕ ಹಾಕಿ ನೋಡಿದೆವು. ಶೆಲಟ್ ಅವರಿಗೆ 1973ರ ಜುಲೈನಲ್ಲಿ 65 ತುಂಬುತ್ತಿತ್ತು. ಅಲ್ಲಿಂದ 1974ರ ಜೂನ್‌ವರೆಗೆ, ಸುಮಾರು 11 ತಿಂಗಳು ಕೌಡೂರಿನ ಹೆಗ್ಡೆಯವರು ಭಾರತದ ಮುಖ್ಯ ನ್ಯಾಯಮೂರ್ತಿ ಆಗಿರುತ್ತಿದ್ದರು. ಜೂನಿಯರ್ ಕೈಕೆಳಗೆ ಆ ವರ್ಷ ಕಳೆದಿದ್ದರೂ ಸಂಬಳಕ್ಕೆ ತೊಂದರೆ ಇರಲಿಲ್ಲ. ಮೂವರೂ ರಾಜೀನಾಮೆ ಕೊಟ್ಟು ಎದ್ದುಹೋದರು.

ಮುಂದಿನದ್ದು ಚುಟುಕಾಗಿ. 1977ರ ಚುನಾವಣೆಯಲ್ಲಿ ಕರ್ನಾಟಕದ 28ರಲ್ಲಿ 26 ಸೀಟು ಕಾಂಗ್ರೆಸ್ ಗೆದ್ದಿತು. ಉಳಿದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ, ಗೆದ್ದವರು ಜನತಾ ಪಕ್ಷದ ಹೆಗ್ಡೆ. ಅದೇ ಜುಲೈನಲ್ಲಿ ಲೋಕಸಭೆಯ ಸ್ಪೀಕರ್ ಆದರು. 1979ರಲ್ಲಿ ನಿಟ್ಟೆ ಎಜುಕೇಶನ್ ಟ್ರಸ್ಟ್ ಕಟ್ಟಿದರು. ತೀರಿಕೊಂಡಿದ್ದು 1990ರಲ್ಲಿ.

ಅವರು ಹೋದ ಮೂರು ವರ್ಷಕ್ಕೆ, 1993ರಲ್ಲಿ, ನೇಮಕದ ಹಿಡಿತ ಸರ್ಕಾರದ ಕೈಯಿಂದ ಜಡ್ಜ್‌ಗಳ ಕೊಲಿಜಿಯಂಗೆ ಬಂತು. ಅದನ್ನು ಬದಲಿಸೋಕೆ ಸಂಸತ್ತು ತಂದ ನೇಮಕ ಆಯೋಗವನ್ನು 2015ರಲ್ಲಿ ಕೋರ್ಟ್ ರದ್ದು ಮಾಡಿತು, ಅದೂ ಮೂಲ ಸ್ವರೂಪದ ತತ್ವ ಹಿಡಿದೇ. ಈಗ ಜಡ್ಜ್‌ಗಳನ್ನು ಜಡ್ಜ್‌ಗಳೇ ಆರಿಸ್ತಾರೆ. ಇದನ್ನು ಕ್ರೈಪಾಕ್ ತೀರ್ಪು ಬರೆದವರು ಒಪ್ಪುತ್ತಿದ್ದರಾ ಅಂತ ಹಾಸ್ಟೆಲ್‌ನಲ್ಲಿ ನಾವು ಒಂದು ರಾತ್ರಿಯಿಡೀ ಜಗಳ ಆಡಿದ್ದೇವೆ, ಇತ್ಯರ್ಥ ಆಗಿಲ್ಲ. 1999ರಲ್ಲಿ ಅವರ ಮಗ ಸಂತೋಷ್ ಹೆಗ್ಡೆ ವಕೀಲಿಕೆಯಿಂದ ನೇರವಾಗಿ ಸುಪ್ರೀಂ ಕೋರ್ಟಿಗೆ ನೇಮಕವಾದರು. ಮುಖ್ಯ ನ್ಯಾಯಮೂರ್ತಿಗಳ ಪಟ್ಟಿ ತೆಗೆದು ನೋಡಿದರೆ 13ನೇ ಹೆಸರು ಸಿಕ್ರಿ, 14ನೇ ಹೆಸರು ರೇ.