ಮನದಾಳದ ವೈದ್ಯ ಸಿಗ್ಮಂಡ್ ಫ್ರಾಯ್ಡ್

ದೇಹಕ್ಕೆ ಜ್ವರ ಬಂದರೆ ವೈದ್ಯನ ಬಳಿಗೆ ಹೋಗಲು ಯಾರೂ ನಾಚುವುದಿಲ್ಲ. ಮನಸ್ಸಿಗೆ ಬೇನೆ ಬಂದಾಗ ಮಾತ್ರ ಅದನ್ನು ಮರೆಮಾಚುವವರೇ ಹೆಚ್ಚು. ಆ ಬೇನೆಯೂ ಚಿಕಿತ್ಸೆಗೆ ಅರ್ಹವೆಂದು ಜಗತ್ತಿಗೆ ಮನಗಾಣಿಸಿದವರಲ್ಲಿ ಸಿಗ್ಮಂಡ್ ಫ್ರಾಯ್ಡ್ ಪ್ರಮುಖನು.

ಫ್ರಾಯ್ಡ್ 1856ರ ಮೇ 6ರಂದು ಮೊರೇವಿಯಾ ಪ್ರಾಂತದ ಫ್ರೈಬರ್ಗ್ ಎಂಬ ಸಣ್ಣ ಊರಿನಲ್ಲಿ, ಯೆಹೂದಿ ಮನೆತನದಲ್ಲಿ ಜನಿಸಿದನು. ತಂದೆ ಉಣ್ಣೆಯ ವ್ಯಾಪಾರಿ. ಬಾಲಕನಿಗೆ ನಾಲ್ಕು ವರ್ಷವಾಗುವ ವೇಳೆಗೆ ಕುಟುಂಬವು ವಿಯೆನ್ನಾ ನಗರದಲ್ಲಿ ನೆಲೆಸಿತು. 1881ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದಿಂದ ಅವನು ವೈದ್ಯಪದವಿ ಪಡೆದನು. 1885ರಲ್ಲಿ ಪ್ಯಾರಿಸಿಗೆ ತೆರಳಿ, ನರರೋಗ ತಜ್ಞ ಶಾರ್ಕೋನ ಬಳಿ ವ್ಯಾಸಂಗ ಮಾಡಿದನು.

ಆಗ ಕೆಲವು ರೋಗಿಗಳಿಗೆ ಕೈಕಾಲುಗಳ ಸ್ವಾಧೀನ ತಪ್ಪುತ್ತಿತ್ತು, ಮಾತು ನಿಲ್ಲುತ್ತಿತ್ತು. ಪರೀಕ್ಷಿಸಿದರೆ ದೇಹದಲ್ಲಿ ಯಾವ ದೋಷವೂ ಕಾಣುತ್ತಿರಲಿಲ್ಲ. ಇದು ಬರಿಯ ನಟನೆಯೆಂದು ಹಲವರು ಅವರನ್ನು ಹಳಿಯುತ್ತಿದ್ದರು. ಫ್ರಾಯ್ಡನ ಹಿರಿಯ ಮಿತ್ರನಾದ ಜೋಸೆಫ್ ಬ್ರೂಯರ್ ಎಂಬ ವೈದ್ಯನು ಇಂತಹ ಒಬ್ಬ ತರುಣಿಗೆ 1880ರಿಂದ 1882ರವರೆಗೆ ಚಿಕಿತ್ಸೆ ನೀಡಿದ್ದನು. ಅವಳೇ ಬರ್ತಾ ಪಾಪೆನ್‌ಹೈಮ್. ತಂದೆಯ ಶುಶ್ರೂಷೆ ಮಾಡುತ್ತಲೇ ಕಾಯಿಲೆ ಬಿದ್ದವಳು. ಮನಸ್ಸಿನಲ್ಲಿ ಹುದುಗಿದ್ದುದನ್ನು ತೋಡಿಕೊಂಡಾಗ ಅವಳಿಗೆ ಹಗುರವಾಗುತ್ತಿತ್ತು. ಮಾತಿನ ಚಿಕಿತ್ಸೆ ಎಂಬ ಹೆಸರನ್ನಿತ್ತವಳೂ ಅವಳೇ. ಅವಳು ಚೇತರಿಸಿಕೊಳ್ಳಲು ಮತ್ತೆ ಹಲವು ವರ್ಷಗಳು ಹಿಡಿದವು. ಮುಂದೆ 1904ರಲ್ಲಿ ಆಕೆ ಜರ್ಮನಿಯಲ್ಲಿ ಯೆಹೂದಿ ಸ್ತ್ರೀಯರ ಸಂಘವನ್ನು ಸ್ಥಾಪಿಸಿ ಸಮಾಜಸೇವಕಿಯಾಗಿ ಹೆಸರಾದಳು.

ಫ್ರಾಯ್ಡ್ ಈ ಮಾರ್ಗವನ್ನು ಬೆಳೆಸಿದನು. ರೋಗಿಯನ್ನು ಮಂಚದ ಮೇಲೆ ಮಲಗಿಸಿ, ತಾನು ಅವನಿಗೆ ಕಾಣದಂತೆ ಹಿಂದೆ ಕುಳಿತು, ತೋಚಿದುದನ್ನೆಲ್ಲ ಸಂಕೋಚವಿಲ್ಲದೆ ಹೇಳಲು ಬಿಡುತ್ತಿದ್ದನು. ಸಹಿಸಲಾರದ ದುಃಖ, ಭಯ, ನಾಚಿಕೆಗಳನ್ನು ಮನಸ್ಸು ತನ್ನ ಆಳಕ್ಕೆ ತಳ್ಳುತ್ತದೆ. ಅವು ಅಲ್ಲಿ ಅಳಿಯದೆ ರೋಗದ ರೂಪದಲ್ಲಿ ಮೇಲೇಳುತ್ತವೆ ಎಂಬುದು ಅವನ ಸಿದ್ಧಾಂತ. ತಾಳ್ಮೆಯಿಂದ ಕೇಳುವವನಿದ್ದರೆ ರೋಗಿಯು ಮಾತನಾಡುತ್ತ ಆಡುತ್ತ ಅವುಗಳನ್ನು ಗುರುತಿಸುತ್ತಾನೆ. ಬಾಲ್ಯದಲ್ಲಿ ತಂದೆತಾಯಿಗಳ ಬಗೆಗಿದ್ದ ಅಂಜಿಕೆ, ಮುನಿಸುಗಳು ವೈದ್ಯನ ಕಡೆಗೆ ತಿರುಗುವುದೂ ಉಂಟು. ಇಬ್ಬರೂ ಕೂಡಿ ಅದರ ಮೂಲವನ್ನು ಅರಿತಾಗ ಹಳೆಯ ಬಂಧನ ಸಡಿಲಗೊಳ್ಳುತ್ತದೆ.

ಈ ವಿದ್ಯೆ ದೇಶದೇಶಗಳಿಗೆ ಹಬ್ಬಿತು. 1922ರಲ್ಲಿ ಗಿರೀಂದ್ರಶೇಖರ ಬೋಸರು ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು.

1923ರಲ್ಲಿ ಫ್ರಾಯ್ಡನ ಬಾಯಿಯಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತು. 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಅವನು ಸಹಿಸಿದನು. 1938ರಲ್ಲಿ ನಾಟ್ಸಿಗಳು ಆಸ್ಟ್ರಿಯವನ್ನು ವಶಪಡಿಸಿಕೊಂಡಾಗ, 82ರ ಮುದುಕನಾಗಿದ್ದ ಅವನು ವಿಯೆನ್ನಾವನ್ನು ತೊರೆದು ಲಂಡನ್ ಸೇರಬೇಕಾಯಿತು. ಅಲ್ಲಿಯೂ ನೋವನ್ನು ನುಂಗಿಕೊಂಡು ರೋಗಿಗಳ ಮಾತಿಗೆ ಕಿವಿಗೊಟ್ಟನು. 1939ರ ಸೆಪ್ಟೆಂಬರ್ 23ರಂದು ನಿಧನನಾದನು.

ಫ್ರಾಯ್ಡನ ಎಷ್ಟೋ ಅಭಿಪ್ರಾಯಗಳನ್ನು ಮುಂದಿನ ವಿದ್ವಾಂಸರು ಒಪ್ಪಲಿಲ್ಲ. ಆದರೆ ನೊಂದವರನ್ನು ಹಳಿಯದೆ, ಅವರ ಮಾತನ್ನು ಸಮಾಧಾನದಿಂದ ಕೇಳುವುದೂ ಚಿಕಿತ್ಸೆಯೆಂಬ ಪಾಠ ಉಳಿದು ಬಂದಿದೆ.